ಎಷ್ಟು ಇಂಚು?

ತೀರಿಕೊಂಡ ಮೇಷ್ಟ್ರ ಬಗ್ಗೆ ಕಾಲೇಜು ಸಂಚಿಕೆಗೆ ಬರೆಯಬೇಕು, ‘ತುಂಬಲಾರದ ನಷ್ಟ’ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ಸುಮ್ನೆ ನನ್ನ ಮೇಷ್ಟ್ರ ಕತೆ ಹೇಳಿಬಿಡುತ್ತೇನೆ.

ಮಡಿಕೇರಿಯಲ್ಲಿ ನನಗೆ ಬರೆಯಲು ಕಲಿಸಿದವರು ಅವರು. ಮೊದಲ ಸಲ ‘ಧಾರಾಕಾರ ಮಳೆ, ಜನಜೀವನ ಅಸ್ತವ್ಯಸ್ತ’ ಅಂತೆಲ್ಲ ಬರೆದು ಕೊಟ್ಟೆ. ತಿದ್ದಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ‘ಎಷ್ಟು ಇಂಚು?’ ಅಂತ ಬರೆದು ವಾಪಸ್ ಕೊಟ್ಟರು. ಕೊಡಗಿನವರಿಗೆ ಇದು ಗೊತ್ತು. ತೋಟದ ಮನೆಗಳಲ್ಲಿ ಮಳೆಗಾಲದಲ್ಲಿ ಎದ್ದ ಕೂಡಲೇ ಮಳೆಮಾಪಕ ನೋಡುತ್ತಾರೆ, ನೆಂಟರು ಫೋನ್ ಮಾಡಿದರೆ ಮೊದಲ ಮಾತೇ ‘ನಿಮ್ಮಲ್ಲಿ ಎಷ್ಟು ಬಿತ್ತು’, ಉತ್ತರ ‘ಒಂದು ಇಂಚು ನಲವತ್ತು ಸೆಂಟ್’ ಅಂತ ಬರುತ್ತದೆ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ನಮ್ಮಪ್ಪ ದಿನಾ ಡೈರಿಯಲ್ಲಿ ಬರೆದಿಡುತ್ತಿದ್ದರು. ಪೆನ್ನು ಹಿಡಿದಾಗ ಮಾತ್ರ ನನಗೆ ಧಾರಾಕಾರ ಬೇಕಿತ್ತು!

ಆಮೇಲೆ ಕಾಲೇಜಿನಲ್ಲಿ ಅವರಿದ್ದ ವಿಭಾಗದಲ್ಲೇ ನಾನೂ ಪಾಠ ಮಾಡಲು ಸೇರಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದಾಗ ಒಂದು ಲೇಖನ ಬರೆದು ತೋರಿಸಿದೆ. ‘ಪ್ರಕೃತಿ ಮುನಿದಿದೆ’ ಅನ್ನುವ ಸಾಲಿನ ಪಕ್ಕ ‘ನಿನಗೆ ಯಾರು ಹೇಳಿದರು?’ ಅಂತಿತ್ತು.

ತಮ್ಮ ಬರಹವನ್ನೂ ನನಗೆ ಕೊಡುತ್ತಿದ್ದರು. ‘ಚೆನ್ನಾಗಿದೆ ಸರ್’ ಅಂದರೆ ‘ನೀನು ಓದಿಲ್ಲ’ ಅಂತ ಬೈಗುಳ. ಒಮ್ಮೆ, ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆಯ ಮಳೆ) ಬಿದ್ದ ಮರುದಿನವೇ ಕಾಫಿ ಹೂ ಅರಳಿ ತೋಟವೆಲ್ಲ ಘಮ್ಮೆಂದಿತು ಅಂತ ಬರೆದಿದ್ದರು. ಪಾಪ, ಬಯಲುಸೀಮೆಯವರು, ತೋಟ ಮಾಡಿದವರಲ್ಲ. ಮಳೆ ಬಿದ್ದ ಮೇಲೆ ಮೊಗ್ಗು ಅರಳಲು ಎಂಟು ಹತ್ತು ದಿನ ಬೇಕು. ಹೆದರಿ ಹೆದರಿ ಪಕ್ಕದಲ್ಲಿ ಪೆನ್ಸಿಲಿನಿಂದ ‘ಎಷ್ಟು ದಿನ?’ ಅಂತ ಬರೆದೆ. ಆ ಹಾಳೆಯನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ಸ್ಟಾಫ್ ರೂಮಿಗೆ ಬಂದವರಿಗೆಲ್ಲ ತೋರಿಸಿದರು, ಅದೂ ತಾವೇ ಗೆದ್ದವರ ಹಾಗೆ. ಹಾಗಂತ ಸಾಧುಪುರುಷ ಏನಲ್ಲ. ಸಿಟ್ಟು ಜಾಸ್ತಿ, ಮಾರ್ಕ್ಸ್ ಕೊಡುವುದರಲ್ಲಂತೂ ಮಹಾ ಜಿಪುಣ.

ಅವರು ಹೋದಾಗ ಶ್ರದ್ಧಾಂಜಲಿ ಬರೆಯುವ ಕೆಲಸ ನನಗೇ ಬಂತು. ‘ತುಂಬಲಾರದ ನಷ್ಟ’ ಅಂತಲೇ ಶುರು ಮಾಡಿದ್ದೆ, ನಿಜ. ಬರೆದ ಮೇಲೆ ಖಾಲಿ ಅಂಚನ್ನು ನೋಡುತ್ತಾ ಕೂತೆ. ಅಲ್ಲಿ ಏನು ಬರೆಯುತ್ತಿದ್ದರು ಅಂತ ಗೊತ್ತಿತ್ತಲ್ವಾ, ಹಾಳೆ ಹರಿದು ಹಾಕಿದೆ. ಕಾಫಿ ಹೂವಿನ ಕತೆ ಬರೆದೆ, ಜಿಪುಣತನವನ್ನೂ ಸೇರಿಸಿದೆ. ಅವರ ಮನೆಯವರು ಓದಿ ಮೊದಲು ನಕ್ಕರು, ಆಮೇಲೆ ಅತ್ತರು.

ನಿಮ್ಮ ಮೇಷ್ಟ್ರು ನಿಮಗೆ ಯಾವುದಕ್ಕೆ ಬೈಯುತ್ತಿದ್ದರು? ಅಲ್ಲಿಂದ ಶುರು ಮಾಡಿ ನೋಡಿ.