ಪೈಪೋಟಿ ಬಂದರೆ ಒಳ್ಳೆ ಟಿಸಿ ಬರುತ್ತಾ?

ಅಣ್ಣಾ, ಕರೆಂಟ್ ಮಾರಾಟದಲ್ಲಿ ಪೈಪೋಟಿ ಬಂದರೆ ಕಂಪನಿಗಳು ಕಡಿಮೆ ನಷ್ಟದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕೊಳ್ಳುತ್ತವೆ ಅಲ್ವಾ ಎಂದು ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ಉಲ್ಟಾ ಆಗುವುದೇ ಜಾಸ್ತಿ.

ಟಿಸಿ ತಾನೂ ಕರೆಂಟ್ ತಿನ್ನುತ್ತದೆ. ಒಂದು ಪಂಪ್‌ಸೆಟ್ಟೂ ಓಡದಿದ್ದರೂ, ಲೈನಿನಲ್ಲಿ ಕರೆಂಟ್ ಇದ್ದರೆ ಸಾಕು, ತಿನ್ನುತ್ತಲೇ ಇರುತ್ತದೆ. ಟಿಸಿಗಳಿಗೆ ಇರುವ ಭಾರತೀಯ ಮಾನದಂಡ, 2014ರ ಐಎಸ್ 1180ರಲ್ಲಿ ಮಟ್ಟ ಏರಿದಷ್ಟೂ ನಷ್ಟ ಕಡಿಮೆ. ಅದರ ಪ್ರಕಾರ 100 ಕೆವಿಎ ಟಿಸಿ ಅರ್ಧ ಲೋಡಿನಲ್ಲಿ ಮೊದಲ ಮಟ್ಟದ್ದಾದರೆ 520 ವ್ಯಾಟ್‌ವರೆಗೆ, ಮೂರನೇ ಮಟ್ಟದ್ದಾದರೆ 435 ವ್ಯಾಟ್‌ವರೆಗೆ ಕಳೆಯಬಹುದು. 85 ವ್ಯಾಟ್ ತಾನೇ ಅನ್ನಬೇಡಿ. ವರ್ಷಪೂರ್ತಿ ಅದೇ ಲೋಡಿಗೆ ಲೆಕ್ಕ ಹಾಕಿದರೆ ಸುಮಾರು 745 ಯೂನಿಟ್. ಅದೂ ಒಂದೇ ಟಿಸಿಗೆ.

ಆದರೆ ನಷ್ಟ ಇಳಿಸಲು ಒಳ್ಳೆ ಕೋರ್ ತಗಡು, ದಪ್ಪ ತಂತಿ ಬೇಕು. ಅದರ ದುಡ್ಡು ಇವತ್ತೇ ಕೊಡಬೇಕು. ಉಳಿತಾಯ ಚೂರುಚೂರಾಗಿ 20 ವರ್ಷ ಬರುತ್ತದೆ. ಅಲ್ಲಿಯವರೆಗೆ ಗಿರಾಕಿ ಇರುತ್ತಾನಾ? 2003ರ ವಿದ್ಯುತ್ ಕಾಯ್ದೆ ದೊಡ್ಡ ಕಾರ್ಖಾನೆಗಳು ಊರಿನ ಕರೆಂಟ್ ಕಂಪನಿ ಬಿಟ್ಟು ಬೇರೆಯವರಿಂದ ಕೊಳ್ಳಲು ಬಾಗಿಲು ತೆರೆಯಿತು. ಇದಕ್ಕೇ ಓಪನ್ ಆಕ್ಸೆಸ್ ಅನ್ನುವುದು. 2022ರ ಹಸಿರು ಓಪನ್ ಆಕ್ಸೆಸ್ ನಿಯಮ ಬಂದ ಮೇಲೆ 100 ಕಿಲೋವ್ಯಾಟ್ ಲೋಡ್ ದಾಟಿದ ಗಂಗಾವತಿ, ಕಾರಟಗಿಯ ರೈಸ್ ಮಿಲ್‌ಗಳೂ ಸೋಲಾರ್ ಕರೆಂಟನ್ನು ಹೊರಗಿಂದ ಕೊಳ್ಳಬಹುದು. ಹೆಚ್ಚು ದರ ಕೊಡುವವರು ಹೋದರೆ ಉಳಿಯುವವರು ನಾವು, 10 ಎಚ್‌ಪಿವರೆಗಿನ ಉಚಿತ ಪಂಪ್‌ಸೆಟ್‌ನವರು. ನಮ್ಮ ದುಡ್ಡು ಸರ್ಕಾರದಿಂದ ಬರಬೇಕು. ಕೈ ಬಿಗಿಯಾದ ಕಂಪನಿ ಟೆಂಡರಿನಲ್ಲಿ ಕಡಿಮೆ ರೇಟು ಹಾಕಿದವನನ್ನೇ ಹಿಡಿಯುತ್ತದೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ಇದೇ ಆಯಿತು. ಮಾರುಕಟ್ಟೆ ತೆರೆಯುತ್ತದೆ ಎಂದಾಗ ಹಲವು ಕಂಪನಿಗಳು ಟಿಸಿ ಬೆಲೆಗೆ ನಷ್ಟದ ಲೆಕ್ಕ ಸೇರಿಸುವುದನ್ನು ಕಡಿಮೆ ಮಾಡಿದವು. ಕೊನೆಗೆ 2010ರಿಂದ ಸರ್ಕಾರವೇ ಕಡ್ಡಾಯ ಮಿತಿ ಹಾಕಿತು. ಹಾಗಂತ ಪೈಪೋಟಿ ಇಲ್ಲದಿದ್ದರೆ ಎಲ್ಲಾ ಸರಿ ಅಂತಲ್ಲ. ಆಗ ನಷ್ಟವನ್ನು ಸುಮ್ನೆ ದರದಲ್ಲಿ ಸೇರಿಸಿಬಿಡುತ್ತಾರೆ. ಟೆಂಡರಿನಲ್ಲಿ ಪ್ರತಿ ವ್ಯಾಟ್ ನಷ್ಟಕ್ಕೂ ಇಷ್ಟು ರೂಪಾಯಿ ಎಂದು ಸೇರಿಸಿ ದರ ಹೋಲಿಸಬೇಕು. ನನ್ನ ಪ್ರಕಾರ ಕೆಲಸ ಮಾಡುವುದು ಅದೊಂದೇ.

ಇನ್ನು ನಿಮ್ಮ ತಮ್ಮನ ಮಿಲ್ಲಿಗೆ ಟಿಸಿ ಕೊಳ್ಳುವ ವಿಷಯ. ಎಚ್‌ಟಿ, ಅಂದರೆ ಹೈ ವೋಲ್ಟೇಜ್ ಕನೆಕ್ಷನ್ ಅಂದ್ರಿ. ಅಲ್ಲಿ ಮೀಟರ್ ಸಾಮಾನ್ಯವಾಗಿ ಟಿಸಿಗಿಂತ ಮೊದಲೇ ಇರುತ್ತದೆ. ಅಂದರೆ ನಷ್ಟ ಅವರ ಬಿಲ್ಲಿಗೇ ಬೀಳುತ್ತದೆ. ಕೊಟೇಶನ್ನಿನಲ್ಲಿ ಅರ್ಧ ಲೋಡ್, ಪೂರ್ತಿ ಲೋಡ್ ನಷ್ಟ ಎರಡನ್ನೂ ವ್ಯಾಟಿನಲ್ಲಿ ಬರೆಸಿ. ಲೋಡ್ ಇಲ್ಲದಾಗಿನ ನಷ್ಟವನ್ನು ಬೇರೆ ಬರೆಸಿ. ಅದನ್ನು 8.76ರಿಂದ ಗುಣಿಸಿದರೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಸಿಗುತ್ತದೆ. ಭತ್ತದ ಸೀಸನ್ ಮುಗಿದು ಮಿಲ್ ನಿಂತಾಗ ಎಲೆಕ್ಟ್ರಿಷಿಯನ್ ಕರೆಸಿ ಎಚ್‌ಟಿ ಕಡೆಯೇ ಆಫ್ ಮಾಡಿಸಲಿ. ರಿವೈಂಡ್ ಮಾಡಿದ ಟಿಸಿ ಅಗ್ಗಕ್ಕೆ ಸಿಕ್ಕರೂ ಟೆಸ್ಟ್ ರಿಪೋರ್ಟ್ ನೋಡದೆ ಮುಂಗಡ ಕೊಡಬೇಡಿ.