ದಕ್ಷಿಣ ಆಫ್ರಿಕಾದಲ್ಲಿ ತಪ್ಪೊಪ್ಪಿಕೊಂಡ ಕೊಲೆಗಾರರನ್ನೆಲ್ಲ ಸುಮ್ನೆ ಬಿಟ್ಟುಬಿಟ್ಟರಾ?

ಇಲ್ಲ. ಬರೀ ತಪ್ಪೊಪ್ಪಿಕೊಂಡರೆ ಸಾಕಾಗುತ್ತಿರಲಿಲ್ಲ.

ವರ್ಣಭೇದ ಆಡಳಿತ ಮುಗಿದ ಮೇಲೆ, ಆ ಕಾಲದ ದೌರ್ಜನ್ಯಗಳ ಸತ್ಯ ಹೊರತರಲು 1995ರ ಕಾನೂನಿನಂತೆ ಅಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾಯಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದರ ಅಧ್ಯಕ್ಷರಾಗಿದ್ದರು. ಕ್ಷಮಾದಾನ ಬೇಕಿದ್ದರೆ ಕೃತ್ಯದ ಹಿಂದೆ ರಾಜಕೀಯ ಉದ್ದೇಶ ಇರಬೇಕಿತ್ತು. ಜೊತೆಗೆ, ನಡೆದದ್ದನ್ನು ಏನೂ ಮುಚ್ಚಿಡದೆ ಹೇಳಬೇಕಿತ್ತು. ಪಶ್ಚಾತ್ತಾಪ ತೋರಿಸಲೇಬೇಕು ಅಂತೇನೂ ಇರಲಿಲ್ಲ! ಎಷ್ಟೋ ಕುಟುಂಬಗಳಿಗೆ ಇದು ನುಂಗಲಾರದ ತುತ್ತಾಯಿತು. 7,000ಕ್ಕಿಂತ ಜಾಸ್ತಿ ಅರ್ಜಿ ಬಂದವು, ಬಹುಪಾಲು ತಿರಸ್ಕಾರವಾದವು. ಹೋರಾಟಗಾರ ಸ್ಟೀವ್ ಬಿಕೊ 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತರಲ್ಲ, ಆ ಪೊಲೀಸರಿಗೂ 1999ರಲ್ಲಿ ಕ್ಷಮಾದಾನ ಸಿಗಲಿಲ್ಲ.

ನನ್ನ ಪ್ರಕಾರ ದೊಡ್ಡ ಅನ್ಯಾಯ ಆಗಿದ್ದು ಇದಾದ ಮೇಲೆ. ಕ್ಷಮಾದಾನ ಸಿಗದವರ ಮೇಲೆ, ಅರ್ಜಿಯನ್ನೇ ಹಾಕದವರ ಮೇಲೆ ಕೇಸು ನಡೆಸಬೇಕಿತ್ತು, ಅಲ್ವಾ? ನಡೆದದ್ದು ಬೆರಳೆಣಿಕೆಯಷ್ಟು ಮಾತ್ರ. ಭಾರತೀಯ ಮೂಲದ ವರ್ಣಭೇದ ವಿರೋಧಿ ಹೋರಾಟಗಾರ ಅಹ್ಮದ್ ತಿಮೋಲ್ ಅವರ ವಿಷಯ ನೋಡಿ. 1971ರಲ್ಲಿ ಪೊಲೀಸರ ವಶದಲ್ಲಿದ್ದಾಗ ಅವರು ಜೋಹಾನ್ಸ್‌ಬರ್ಗಿನ ಪೊಲೀಸ್ ಕಟ್ಟಡದಿಂದ ಕೆಳಗೆ ಬಿದ್ದು ಸತ್ತರು. ಪೊಲೀಸರು ಆತ್ಮಹತ್ಯೆ ಎಂದರು, ಆಗಿನ ವಿಚಾರಣೆಯೂ ಹಾಗೇ ಹೇಳಿತು. ಮನೆಯವರು ಪಟ್ಟುಬಿಡಲಿಲ್ಲ. ಕೊನೆಗೆ 2017ರಲ್ಲಿ, ಅದು ಕೊಲೆ ಎಂದು ಕೋರ್ಟ್ ಹೇಳಿತು. ಆರೋಪ ಹೊತ್ತ ಮಾಜಿ ಪೊಲೀಸ್ 2021ರಲ್ಲಿ ತೀರಿಕೊಂಡ, ಶಿಕ್ಷೆಯಾಗದೆಯೇ.

ಪರಿಹಾರದ ಕಥೆಯೂ ಅಷ್ಟೇ. ಸಂತ್ರಸ್ತರಿಗೆ ಆರು ವರ್ಷ, ವರ್ಷವರ್ಷವೂ ಹಣ ಕೊಡಿ ಎಂದು ಆಯೋಗ ಹೇಳಿತ್ತು. 2003ರಲ್ಲಿ ಸರ್ಕಾರ ಘೋಷಿಸಿದ್ದು ಒಂದೇ ಸಲಕ್ಕೆ 30,000 ರಾಂಡ್ (ಅಲ್ಲಿನ ಹಣ).