"ಗೊತ್ತಿಲ್ಲ ಮಿಸ್"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 12 ವರ್ಷ, ಏಳನೇ ತರಗತಿ. ಅಮ್ಮ ಕರೆದುಕೊಂಡು ಬಂದಿದ್ದರು. "ಮನೇಲಿ ಪಾಠ ಎಲ್ಲಾ ಹೇಳ್ತಾನೆ ಮೇಡಂ. ಕ್ಲಾಸಲ್ಲಿ ಏನು ಕೇಳಿದ್ರೂ ಗೊತ್ತಿಲ್ಲ ಅಂತಾನಂತೆ. ಡಲ್ ಅಂದುಬಿಟ್ಟಿದ್ದಾರೆ ಟೀಚರ್." ಅವರು ಮಾತಾಡುವಷ್ಟು ಹೊತ್ತೂ ಹುಡುಗ ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು ಮಾಡುತ್ತಿದ್ದ.

ಮೊದಲು ಬೇರೇನಾದರೂ ತೊಂದರೆ ಇದೆಯೇ ಅಂತ ನೋಡಿದೆ. ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು. ಇದನ್ನು ಮಾತ್ರ ಯಾರೂ ಬಿಡಬೇಡಿ. ಸರಿಯಾಗಿ ಕೇಳಿಸದ ಮಗು "ಗಮನ ಕೊಡಲ್ಲ" ಅಂತ ಬೈಸಿಕೊಂಡೇ ವರ್ಷಗಟ್ಟಲೆ ಕೂತಿರುತ್ತದೆ. ಓದು ಬರಹ ವಯಸ್ಸಿಗೆ ತಕ್ಕ ಹಾಗಿತ್ತು. ಮನೆಯಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ತಿಂಗಳುಗಟ್ಟಲೆ ಬಾಯೇ ಬಿಡದ ಮಕ್ಕಳೂ ಇದ್ದಾರೆ. ಅದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಇವನದು ಅದಲ್ಲ. ಆಟದ ಬಯಲಲ್ಲಿ ಇವನದೇ ಗಲಾಟೆ.

ಒಂದು ಪ್ರಶ್ನೆ ಕೇಳಿದೆ. "ಒದ್ದೆ ಟವೆಲ್ ಮುದ್ದೆ ಮಾಡಿಟ್ರೆ ಬೇಗ ಒಣಗಲ್ಲ, ಹರಡಿದ್ರೆ ಒಣಗುತ್ತೆ. ಯಾಕೆ?"

ಸುಮ್ಮನಾದ. ಅಮ್ಮ "ಹೇಳೋ" ಅಂದರು. ನನಗೂ ಸುಳಿವು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡು ಗೋಡೆ ಗಡಿಯಾರ ನೋಡಿದೆ. 8 ಸೆಕೆಂಡ್ ಆದ ಮೇಲೆ ಬಂತು: "ಹರಡಿದ್ರೆ ಜಾಸ್ತಿ ಭಾಗ ಗಾಳಿಗೆ ಸಿಗುತ್ತೆ. ಮುದ್ದೆ ಮಾಡಿದ್ರೆ ಒಳಗಿರೋ ನೀರು ಹೋಗೋದೆಲ್ಲಿಗೆ?"

ಡಲ್ ಹುಡುಗನ ಉತ್ತರವಾ ಇದು? ಕ್ಲಾಸಲ್ಲಿ ಯಾಕೆ ಹೇಳಲ್ಲ ಅಂತ ಕೇಳಿದೆ. "ಯೋಚನೆ ಮಾಡೋಷ್ಟರಲ್ಲಿ ಮುಂದಿನ ಬೆಂಚಿನವರು ಹೇಳಿಬಿಡ್ತಾರೆ. ಗೊತ್ತಿಲ್ಲ ಅಂದ್ರೆ ಮಿಸ್ ಬೇರೆಯವರನ್ನ ಕೇಳ್ತಾರೆ." ಅವನ ಲೆಕ್ಕದಲ್ಲಿ ಗೊತ್ತಿಲ್ಲ ಅಂದರೆ "ನನ್ನ ಬಿಟ್ಟುಬಿಡಿ" ಅಂತ.

ಶಾಲೆಯವರ ಒಪ್ಪಿಗೆ ಪಡೆದು ಒಂದು ವಿಜ್ಞಾನದ ಪೀರಿಯಡ್ಡು ಹಿಂದಿನ ಬೆಂಚಲ್ಲಿ ಕೂತೆ. 40 ನಿಮಿಷಕ್ಕೆ 31 ಪ್ರಶ್ನೆ. 26ಕ್ಕೆ ಉತ್ತರ ಹೇಳಿದ್ದು ಅದೇ ನಾಲ್ಕು ಮಕ್ಕಳು. ಪ್ರಶ್ನೆ ಮುಗಿದು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೈ ಮೇಲೆ, ಉತ್ತರ ಹೊರಗೆ, "ವೆರಿ ಗುಡ್", ಮುಂದಿನ ಪ್ರಶ್ನೆ. ಟೀಚರ್ ಒಳ್ಳೆಯವರು, ಪಾಠವೂ ಚುರುಕು. ತೊಂದರೆ ಆ ಚುರುಕಿನಲ್ಲೇ ಇತ್ತು.

ಇದು ಇವರೊಬ್ಬರ ಕಥೆಯಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತರಗತಿಗಳ ರೆಕಾರ್ಡಿಂಗ್ ಕೇಳಿ ಇದನ್ನು ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದಿರುವುದು ಕಡಿಮೆಯಾಯಿತು, ಸುಮ್ಮನೆ ಕೂರುತ್ತಿದ್ದವರೂ ಮಾತಾಡತೊಡಗಿದರು.

ಟೀಚರಿಗೆ ಇದನ್ನು ಹೇಳಿದಾಗ ಮುಖ ಸಣ್ಣದಾಯಿತು. "ಮತ್ತೆ ಸಿಲಬಸ್ ಯಾರು ಮುಗಿಸ್ತಾರೆ ಮೇಡಂ?" ನ್ಯಾಯವಾದ ಮಾತೇ. 31 ಪ್ರಶ್ನೆ ಬೇಡ, 10 ಸಾಕು ಅಂದೆ. ಪ್ರಶ್ನೆ ಮೊದಲು ಬರಲಿ, ಹೆಸರು ಆಮೇಲೆ. ಹೆಸರು ಮೊದಲು ಕೂಗಿದರೆ ಉಳಿದವರೆಲ್ಲ "ಸದ್ಯ, ನಾನಲ್ಲ" ಅಂತ ಯೋಚಿಸುವುದನ್ನೇ ಬಿಡುತ್ತಾರೆ. ಮನಸ್ಸಲ್ಲೇ ಮೂರು ಎಣಿಸಿ. ದೊಡ್ಡ ಪ್ರಶ್ನೆಯಾದರೆ ಎಲ್ಲರೂ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆಯಲಿ, ಪಕ್ಕದವರಿಗೆ ತೋರಿಸಲಿ. ಉತ್ತರ ಬಂದ ಮೇಲೂ ಕಾಯಿರಿ. "ವೆರಿ ಗುಡ್" ಅಂದ ತಕ್ಷಣ ಆ ಪ್ರಶ್ನೆಯ ಕಥೆ ಮುಗಿಯಿತು ಅಂತಲೇ ಮಕ್ಕಳಿಗೆ ಅರ್ಥ. ಇವನು ಗೊತ್ತಿಲ್ಲ ಅಂದರೆ ಬೈಯಬೇಡಿ, ಬಿಡಲೂಬೇಡಿ. "ಇಬ್ಬರ ಉತ್ತರ ಕೇಳು, ಆಮೇಲೆ ನಿನ್ನ ಹತ್ರ ಬರ್ತೀನಿ" ಅಂತ ಹೇಳಿ, ನಿಜವಾಗಿ ಬನ್ನಿ.

ಅಮ್ಮನಿಗೆ ಹೇಳಿದ್ದು ಒಂದೇ. ಗೇಟಿನ ಹತ್ತಿರವೇ "ಇವತ್ತು ಉತ್ತರ ಹೇಳಿದ್ಯಾ?" ಅನ್ನುವ ವಿಚಾರಣೆ ನಿಲ್ಲಿಸಿ. ಹುಡುಗನಿಗೆ ಕೊಟ್ಟದ್ದು ಒಂದು ವಾಕ್ಯ: "ಮಿಸ್, ಸ್ವಲ್ಪ ಯೋಚನೆ ಮಾಡ್ತೀನಿ." ನನ್ನ ಮುಂದೆ ನಾಲ್ಕು ಸಲ ಹೇಳಿಸಿದೆ. ಮೂರನೇ ಸಲಕ್ಕೆ ನಕ್ಕ.

ಎರಡು ವಾರ ಏನೂ ಆಗಲಿಲ್ಲ. ಮೂರು ಸೆಕೆಂಡ್ ಸುಮ್ಮನೆ ನಿಲ್ಲುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಅಂತ ಟೀಚರ್ ಫೋನಿನಲ್ಲಿ ಗೋಳಾಡಿದರು. ಡಸ್ಟರ್ ಕೈಯಿಂದ ಕೈಗೆ ಬದಲಾಯಿಸುತ್ತಾ ಹೊತ್ತು ಕಳೆಯುತ್ತಿದ್ದರಂತೆ. ಮೂರನೇ ವಾರ ಹುಡುಗ ಉತ್ತರ ಹೇಳಿದ. ತಪ್ಪು ಉತ್ತರ. ಟೀಚರ್ ತಿದ್ದದೆ ಕಾದರು. ಇಡೀ ವರ್ಷ ಮಾತಾಡದ ಇನ್ನೊಬ್ಬ ಹುಡುಗಿ "ಹಾಗಲ್ಲ ಅನ್ಸುತ್ತೆ ಮಿಸ್" ಅಂತ ಎದ್ದು ನಿಂತಳು. ಇವನು ತಿರುಗಿ ಅವಳ ಜೊತೆ ವಾದಕ್ಕೇ ಬಿದ್ದನಂತೆ.

ಸಮಾಜ ವಿಜ್ಞಾನದ ಪೀರಿಯಡ್ಡಲ್ಲಿ ಇನ್ನೂ "ಗೊತ್ತಿಲ್ಲ ಸರ್" ನಡೆಯುತ್ತಿದೆ. ಆ ಸರ್ ಜೊತೆ ಮುಂದಿನ ವಾರ ಮಾತಾಡುತ್ತೇನೆ.